ಮೂರು ಪಂದ್ಯ, ಮೂರು ಗೋಲು: ವಿಂಗರ್‌ನ ಫಾರ್ಮ್ ಮತ್ತು ಬೆಲೆ ಅಳೆಯೋದು ಹೇಗೆ

2022ರ ಅಕ್ಟೋಬರ್‌ನಲ್ಲಿ ನನ್ನ ಫ್ಯಾಂಟಸಿ ತಂಡಕ್ಕೆ ಆಂಟನಿ ಅನ್ನುವ ವಿಂಗರ್‌ನನ್ನು (ಮೈದಾನದ ಪಕ್ಕದ ಗೆರೆ ಹತ್ತಿರ ಆಡಿ ದಾಳಿ ಮಾಡುವವನು) ಹಾಕಿಕೊಂಡೆ. ಹುಡುಗ ಆಗಷ್ಟೇ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದಿದ್ದ. ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಮೊದಲ ಮೂರು ಪಂದ್ಯಗಳಲ್ಲೂ ಗೋಲು: ಆರ್ಸೆನಲ್, ಮ್ಯಾಂಚೆಸ್ಟರ್ ಸಿಟಿ, ಎವರ್ಟನ್. ಇನ್ನೇನು ಬೇಕು ಅಂದುಕೊಂಡೆ. ಸೀಸನ್ ಮುಗಿದಾಗ ಲೀಗ್‌ನಲ್ಲಿ ಅವನ ಗೋಲು ಒಟ್ಟು ನಾಲ್ಕು. ಅಂದರೆ ಮೊದಲ ಮೂರು ಪಂದ್ಯಕ್ಕೆ ಮೂರು, ಉಳಿದ 22 ಪಂದ್ಯಕ್ಕೆ ಒಂದೇ ಒಂದು. ನಾನೋ, "ಈ ವಾರ ಹೊಡೀತಾನೆ ನೋಡ್ತಿರು" ಅಂತ ವಿಶ್ವಕಪ್ ಬ್ರೇಕ್ ಬರುವವರೆಗೂ ಅವನನ್ನು ಬಿಡದೆ ಕೂತಿದ್ದೆ. ಗೆಳೆಯರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಮೋಸ ಹೋದವನು ನಾನೊಬ್ಬನೇ ಅಲ್ಲ ಬಿಡಿ. ಯುನೈಟೆಡ್ ಅವನಿಗೆ ಕೊಟ್ಟಿದ್ದು 95 ಮಿಲಿಯನ್ ಯೂರೊ, ಷರತ್ತಿನ ಮೇಲೆ ಇನ್ನೂ 5. ಆಗಿನ ಲೆಕ್ಕದಲ್ಲಿ ಹತ್ತಿರಹತ್ತಿರ 750 ಕೋಟಿ ರೂಪಾಯಿ. ಮೂರು ವರ್ಷ ಕಳೆದು, 2025ರಲ್ಲಿ, ಅದೇ ಆಂಟನಿ ಸ್ಪೇನಿನ ರಿಯಲ್ ಬೆಟಿಸ್‌ಗೆ ಹೋಗಿದ್ದು ಸುಮಾರು 22 ಮಿಲಿಯನ್‌ಗೆ. ಅದೇ ಎಡಗಾಲು, ಅದೇ ಟ್ರಿಕ್, ವಯಸ್ಸು ಬರೀ 25. ಬೆಲೆ ಮಾತ್ರ ಕಾಲು ಭಾಗಕ್ಕಿಂತ ಕೆಳಗೆ.

ಆಮೇಲಿಂದ ನಾನು ಫಾರ್ಮ್ ಮತ್ತು ಬೆಲೆ ಎರಡನ್ನೂ ಬೇರೆ ಬೇರೆ ಇಟ್ಟು ನೋಡುತ್ತೇನೆ. ಫಾರ್ಮ್ ಅಂದರೆ ಹುಡುಗ ಈಗ ಮೈದಾನದಲ್ಲಿ ಏನು ಮಾಡುತ್ತಿದ್ದಾನೆ ಅನ್ನೋದು. ಬೆಲೆಯಲ್ಲಿ ಅವನ ಆಟದ ಪಾಲು ಅರ್ಧ ಇದ್ದರೆ ಹೆಚ್ಚು. ಉಳಿದದ್ದು ಮಾರುವವನ ಗತ್ತು, ಕೊಳ್ಳುವವನ ಗರಜು.

ಮೊದಲು ಅಂಕಿ ಸೋಸಿ

ಗೋಲಿನ ಪಟ್ಟಿ ಸಿಕ್ಕ ತಕ್ಷಣ ಪೆನಾಲ್ಟಿಗಳನ್ನು (ಗೋಲ್‌ಕೀಪರ್ ಒಬ್ಬನೇ ಎದುರಿರುವ ಹೊಡೆತ) ತೆಗೆದುಹಾಕಿ. ನಿಕೊಲಾ ಪೆಪೆ ಕಥೆ ಗೊತ್ತಲ್ವಾ? 2018-19ರಲ್ಲಿ ಫ್ರಾನ್ಸಿನ ಲೀಗ್‌ನಲ್ಲಿ ಲಿಲ್ ಪರವಾಗಿ 22 ಗೋಲು. ಆರ್ಸೆನಲ್ 72 ಮಿಲಿಯನ್ ಪೌಂಡ್ ಸುರಿದು ತಂದಿತು, ಆಗ ಅದು ಕ್ಲಬ್‌ನ ದಾಖಲೆ. ಆದರೆ ಆ 22ರಲ್ಲಿ 9 ಪೆನಾಲ್ಟಿ. ಉಳಿದ 13 ಗೋಲು ಒಬ್ಬ ವಿಂಗರ್‌ಗೆ ಚೆನ್ನಾಗಿಯೇ ಇದೆ, ಇಲ್ಲ ಅನ್ನಲ್ಲ, ಆದರೆ ಅದು ದಾಖಲೆ ಬೆಲೆಯ ಆಟವೂ ಅಲ್ಲ. ಆರ್ಸೆನಲ್‌ನಲ್ಲಿ ಪೆನಾಲ್ಟಿ ಹೊಡೆಯಲು ಬೇರೆಯವರಿದ್ದರು. 2023ರಲ್ಲಿ ಕಾಂಟ್ರ್ಯಾಕ್ಟ್ ರದ್ದು ಮಾಡಿ ಪುಕ್ಕಟೆ ಕಳಿಸಿಕೊಟ್ಟರು.

ಆಮೇಲೆ ನಿಮಿಷಗಳಿಂದ ಭಾಗಿಸಿ. 1800 ನಿಮಿಷ ಆಡಿ 6 ಗೋಲು ಹೊಡೆದವನು 90 ನಿಮಿಷಕ್ಕೆ 0.30 ಆಯಿತು. 900 ನಿಮಿಷದಲ್ಲಿ 4 ಹೊಡೆದವನು 0.40. ಪಟ್ಟಿಯಲ್ಲಿ ಮೊದಲನೆಯವನು ಮೇಲಿರುತ್ತಾನೆ, ಆಟದಲ್ಲಿ ಎರಡನೆಯವನು. ಮೈಕೆಲ್ ಒಲಿಸೆ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿದ್ದಾಗ 2023-24ರಲ್ಲಿ ಗಾಯದಿಂದಾಗಿ ಲೀಗ್‌ನಲ್ಲಿ ಆಡಿದ್ದು 19 ಪಂದ್ಯ ಮಾತ್ರ. 10 ಗೋಲು, 6 ಅಸಿಸ್ಟ್ (ಬೇರೆಯವರ ಗೋಲಿಗೆ ಕೊಟ್ಟ ಕೊನೆಯ ಪಾಸ್). ಸೀಸನ್ನಿನ ಟಾಪ್ ಸ್ಕೋರರ್ ಪಟ್ಟಿಯಲ್ಲಿ ಹುಡುಕಿದ್ದರೆ ಅವನು ಕಣ್ಣಿಗೇ ಬೀಳುತ್ತಿರಲಿಲ್ಲ. ಬಯರ್ನ್ ಮ್ಯೂನಿಕ್‌ನವರು ಭಾಗಿಸಿ ನೋಡಿರಬೇಕು. ಆ ಬೇಸಿಗೆಯಲ್ಲೇ ಎತ್ತಿಕೊಂಡು ಹೋದರು.

ಎಷ್ಟು ಪಂದ್ಯ ನೋಡಿದರೆ ಸಾಕು? ನನ್ನ ಲೆಕ್ಕ 900 ನಿಮಿಷ, ಅಂದರೆ ಪೂರ್ತಿ ಹತ್ತು ಪಂದ್ಯ. ಅದಕ್ಕಿಂತ ಕಡಿಮೆಯಲ್ಲಿ ಕಾಣೋದು ಬರೀ ಅದೃಷ್ಟ, ಮೇಲೆ ಹೇಳಿದ ನನ್ನ ಕಥೆಯ ಹಾಗೆ. ಆ ಹತ್ತರಲ್ಲಿ ಎದುರಾಳಿ ಯಾರು ಅಂತಲೂ ನೋಡಿ. ಕೆಳಗಿನ ಮೂರು ತಂಡಗಳ ಮೇಲೆ ಐದು ಗೋಲು ಹೊಡೆದು ಮೇಲಿನವರ ಎದುರು ಕಾಣೆಯಾಗುವವರು ಬೇಕಾದಷ್ಟು ಜನ ಇದ್ದಾರೆ.

ಎಕ್ಸ್‌ಜಿ ಬಗ್ಗೆ ಒಂದು ಮಾತು. ಒಂದು ಶಾಟ್ ಗೋಲಾಗುವ ಸಾಧ್ಯತೆ ಎಷ್ಟು ಅನ್ನುವ ಅಂದಾಜು ಅದು, ಪೆನಾಲ್ಟಿಗೆ ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಇರುತ್ತೆ. ಸೋಫಾಸ್ಕೋರ್, ಫಾಟ್‌ಮಾಬ್ ಥರದ ಆ್ಯಪ್‌ಗಳಲ್ಲಿ ಸಿಗುತ್ತೆ. ಎಕ್ಸ್‌ಜಿ ಇಡೀ ಸೀಸನ್ನಿಗೆ ಕೂಡಿ 4 ಇದ್ದು ಗೋಲು 8 ಆಗಿದ್ದರೆ, ಮುಂದಿನ ವರ್ಷ ಅದು ಇಳಿಯುತ್ತೆ ಅಂತ ಇಟ್ಟುಕೊಳ್ಳಿ. ಸನ್ ಹ್ಯುಂಗ್-ಮಿನ್ ಥರದವರು ವರ್ಷ ವರ್ಷವೂ ಎಕ್ಸ್‌ಜಿ ದಾಟಿ ಹೊಡೆದರು (2021-22ರಲ್ಲಿ ಒಂದೂ ಪೆನಾಲ್ಟಿ ಇಲ್ಲದೆ 23 ಗೋಲು, ಸಲಾ ಜೊತೆ ಗೋಲ್ಡನ್ ಬೂಟ್, ಅಂದರೆ ಲೀಗ್‌ನಲ್ಲಿ ಅತಿ ಹೆಚ್ಚು ಗೋಲಿನ ಪ್ರಶಸ್ತಿ), ಆದರೆ ಎಲ್ಲರೂ ಸನ್ ಅಲ್ಲ. ಅಸಿಸ್ಟ್ ಅಂತೂ ಇನ್ನೂ ನಂಬಿಕೆಗೆ ದೂರ. ಇವನು ಎಷ್ಟೇ ಒಳ್ಳೆ ಕ್ರಾಸ್ ಕೊಟ್ಟರೂ ಒಳಗೆ ನಿಂತ ಸ್ಟ್ರೈಕರ್ ಆಕಾಶಕ್ಕೆ ಹೊಡೆದರೆ ಲೆಕ್ಕಕ್ಕೇ ಬರಲ್ಲ. ಅಸಿಸ್ಟ್ ಬಿಟ್ಟು, ಎಷ್ಟು ಅವಕಾಶ ಮಾಡಿಕೊಟ್ಟ ಅಂತ ನೋಡಿ.

ಚೆಂಡು ಬಿಟ್ಟು ಹುಡುಗನನ್ನು ನೋಡಿ

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಟಿವಿಯಲ್ಲಿ ಕಷ್ಟ, ಯಾಕೆಂದರೆ ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತೆ. ಒಮ್ಮೆ ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಪಂದ್ಯಕ್ಕೆ ಹೋಗಿ ಸೈಡ್ ಸ್ಟ್ಯಾಂಡ್‌ನಲ್ಲಿ ಕೂತು ಹದಿನೈದು ನಿಮಿಷ ಒಬ್ಬ ವಿಂಗರ್‌ನ ಮೇಲಿಂದ ಕಣ್ಣು ತೆಗೆಯಬೇಡಿ. ಮಧ್ಯೆ ರನ್ನಿಂಗ್ ಟ್ರ್ಯಾಕ್ ಇರುವುದರಿಂದ ಮೈದಾನ ಸ್ವಲ್ಪ ದೂರವೇ, ಆದರೆ ಇಡೀ ಸಾಲು ಕಾಣುತ್ತೆ. ವಿಂಗರ್ ಉದಾಂತ ಸಿಂಗ್ ಇಲ್ಲಿ ಆಡುತ್ತಿದ್ದ ದಿನಗಳಲ್ಲಿ ನಾನು ಇದನ್ನು ಕಲಿತೆ. ಚೆಂಡು ಇನ್ನೂ ನಡು ವೃತ್ತದಲ್ಲಿರುತ್ತಿತ್ತು, ಎದುರಿನ ಲೆಫ್ಟ್ ಬ್ಯಾಕ್ (ಎಡ ಅಂಚಿನ ಡಿಫೆಂಡರ್) ಆಗಲೇ ಭುಜದ ಮೇಲಿಂದ ಹಿಂದೆ ನೋಡಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಉದಾಂತನ ಓಟದ ಭಯ. ಆ ಎರಡು ಹೆಜ್ಜೆಯಿಂದ ನಮ್ಮ ಮಿಡ್‌ಫೀಲ್ಡರ್‌ಗೆ ಆರಾಮಾಗಿ ತಿರುಗಲು ಜಾಗ ಸಿಗುತ್ತಿತ್ತು. ಅವತ್ತಿನ ಅಂಕಿಯಲ್ಲಿ ಉದಾಂತನ ಹೆಸರಿನ ಮುಂದೆ ಸೊನ್ನೆ ಇದ್ದರೂ ಇದ್ದೀತು.

ಹಾಗಾಗಿ ವಿಂಗರ್ ಫಾರ್ಮ್‌ನಲ್ಲಿ ಇದ್ದಾನೋ ಇಲ್ಲವೋ ಅಂತ ತಿಳಿಯಬೇಕಾದರೆ ನಾನು ಮೊದಲು ನೋಡೋದು ಆ ಅಂಚು ಕಾಯುವ ಎದುರಿನ ಫುಲ್‌ಬ್ಯಾಕ್‌ನನ್ನು. ಮೈಮೇಲೆ ಬಂದು ನಿಲ್ಲುತ್ತಿದ್ದಾನಾ, ಅಥವಾ ಮೂರು ಗಜ ದೂರ ನಿಂತು ಕಾಯುತ್ತಿದ್ದಾನಾ? ಸಹಾಯಕ್ಕೆ ಇನ್ನೊಬ್ಬ ಓಡಿ ಬರುತ್ತಿದ್ದಾನಾ? ಇಬ್ಬರು ಬರುತ್ತಿದ್ದರೆ ಹುಡುಗನಿಗೆ ಮರ್ಯಾದೆ ಇದೆ ಅಂತ ಅರ್ಥ. ಒಬ್ಬನೇ ಸಾಕು ಅಂತ ಬಿಟ್ಟಿದ್ದರೆ, ಎದುರು ತಂಡದ ಕೋಚ್ ವಿಡಿಯೊ ನೋಡಿ ಆಗಲೇ ತೀರ್ಪು ಕೊಟ್ಟಾಗಿದೆ.

ಮನೆಯಲ್ಲಿ ಟಿವಿ ಮುಂದೆ ಮಾಡಬಹುದಾದ ಕೆಲಸ ಒಂದಿದೆ. ಶನಿವಾರ ಇಂಗ್ಲೆಂಡಿನ ಮಧ್ಯಾಹ್ನ ಮೂರರ ಪಂದ್ಯ ನಮಗೆ ರಾತ್ರಿ 7:30ಕ್ಕೆ, ಚಳಿಗಾಲದಲ್ಲಿ 8:30ಕ್ಕೆ ಬರುತ್ತೆ. (ತಮಾಷೆ ಅಂದರೆ ಆ ಹೊತ್ತಿನ ಪಂದ್ಯ ಇಂಗ್ಲೆಂಡಿನವರಿಗೇ ಟಿವಿಯಲ್ಲಿ ಲೈವ್ ಸಿಗಲ್ಲ.) ಹಳೇ ನೋಟ್‌ಬುಕ್‌ನ ಹಿಂದಿನ ಪುಟ ತೆಗೆದುಕೊಳ್ಳಿ. ವಿಂಗರ್‌ಗೆ ಚೆಂಡು ಸಿಕ್ಕಾಗಲೆಲ್ಲ ಒಂದು ಗುರುತು ಹಾಕಿ: ಚೆಂಡು ಮುಂದೆ ಹೋದರೆ ಟಿಕ್, ಬಂದ ದಾರಿಯಲ್ಲೇ ವಾಪಸ್ ಹೋದರೆ ಅಡ್ಡಗೆರೆ, ಕಳೆದುಕೊಂಡರೆ ಸೊನ್ನೆ. ಗೋಲಿನ ಮುಂದಿನ ಬಾಕ್ಸ್ ಒಳಗೆ ಚೆಂಡು ಮುಟ್ಟಿದರೆ ಟಿಕ್ ಸುತ್ತ ಒಂದು ವೃತ್ತ. ನಾಲ್ಕು ಪಂದ್ಯ ಹೀಗೆ ಬರೆದರೆ ಚಿತ್ರ ಬಿಡಿಸಿಕೊಳ್ಳುತ್ತೆ. ಸೊನ್ನೆ ಜಾಸ್ತಿ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ. ವಿಂಗರ್ ಕೆಲಸವೇ ರಿಸ್ಕ್ ತೆಗೆದುಕೊಳ್ಳೋದು. ನನಗೆ ಚಿಂತೆ ಆಗೋದು ಪುಟ ತುಂಬಾ ಅಡ್ಡಗೆರೆ ಇದ್ದಾಗ.

ಆಂಟನಿಯ ಪುಟ ಅಡ್ಡಗೆರೆಯದ್ದೇ. ಬಲಗಡೆ ಚೆಂಡು ತೆಗೆದುಕೊಳ್ಳೋದು, ನಿಲ್ಲಿಸೋದು, ಎಡಗಾಲಿಗೆ ಹಾಕಿಕೊಂಡು ಒಳಗೆ ಬರೋದು, ಇಬ್ಬರು ಎದುರಾದರೆ ಹಿಂದಕ್ಕೆ ಪಾಸ್. 2022ರ ಅಕ್ಟೋಬರ್ 27ರಂದು ಯುರೋಪಾ ಲೀಗ್‌ನಲ್ಲಿ ಶೆರಿಫ್ ವಿರುದ್ಧ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಬುಗುರಿ ಥರ ಸುತ್ತು ತಿರುಗಿದ, ಆಮೇಲೆ ಕೊಟ್ಟ ಪಾಸ್ ಸೀದಾ ಗೆರೆ ದಾಟಿ ಆಚೆ ಹೋಯಿತು. ಹಾಫ್ ಟೈಮ್‌ಗೆ ಅವನನ್ನು ಹೊರಗೆ ಕರೆದರು. ಸುತ್ತು ತಿರುಗಿದ್ದಕ್ಕೆ ಎಲ್ಲರೂ ಬೈದರು. ನನ್ನ ತಕರಾರು ಅದರ ಮೇಲಲ್ಲ. ಅವನು ಬಲಗಾಲಿನಲ್ಲಿ ಹೊರಗಡೆಯಿಂದ ಹೋಗಲ್ಲ ಅಂತ ಫುಲ್‌ಬ್ಯಾಕ್‌ಗೆ ಗೊತ್ತಿತ್ತು, ಹಾಗಾಗಿ ಆಂಟನಿ ಎಷ್ಟು ತಿರುಗಿದರೂ ಆ ಫುಲ್‌ಬ್ಯಾಕ್ ನಿಂತ ಜಾಗದಿಂದ ಅಲ್ಲಾಡಬೇಕಿರಲಿಲ್ಲ.

"ಬಯರ್ನ್‌ನ ಹಳೇ ವಿಂಗರ್ ಆರ್ಯೆನ್ ರಾಬೆನ್ ಕೂಡ ಅದನ್ನೇ ಮಾಡ್ತಿದ್ದ ಅಲ್ವಾ?" ಅಂತ ಕೇಳಬಹುದು. ಹೌದು, ಅವನು ಎಡಗಾಲಿಗೆ ಬರುತ್ತಾನೆ ಅಂತ ಇಡೀ ಯುರೋಪಿಗೇ ಗೊತ್ತಿತ್ತು. ವ್ಯತ್ಯಾಸ ವೇಗದಲ್ಲಿದೆ. ರಾಬೆನ್ ಪೂರ್ತಿ ಓಟದಲ್ಲೇ ಒಳಗೆ ತಿರುಗುತ್ತಿದ್ದ, ನಿಂತು ತಿರುಗುತ್ತಿರಲಿಲ್ಲ, ಆಗಾಗ ಹೊರಗಡೆಯಿಂದ ಒಂದು ಸಲ ನುಗ್ಗಿ ಸಂಶಯವನ್ನೂ ಬಿತ್ತುತ್ತಿದ್ದ. ಆದ್ದರಿಂದ ಇನ್ನೊಂದು ಪರೀಕ್ಷೆ: ಚೆಂಡು ಬರುವಾಗ ವಿಂಗರ್ ನಿಂತಿದ್ದಾನಾ, ಓಡುತ್ತಿದ್ದಾನಾ? ನಿಂತು ತೆಗೆದುಕೊಳ್ಳುವವನ ಫಾರ್ಮ್ ಬೇಗ ಕುಸಿಯುತ್ತೆ.

ಹಿಂದೆ ಬಂದು ಡಿಫೆಂಡ್ ಮಾಡುತ್ತಾನಾ ಅಂತ ನೋಡಿ. ಮಾಡದಿದ್ದರೆ ಗೋಲು ಜಾಸ್ತಿ ಹೊಡೆಯಲೇಬೇಕು. ಅಷ್ಟೇ.

ಈಗ ಬೆಲೆ

ಟ್ರಾನ್ಸ್‌ಫರ್‌ಮಾರ್ಕ್ಟ್ ವೆಬ್‌ಸೈಟ್‌ನಲ್ಲಿ ಇರುವ ಬೆಲೆ ಅಲ್ಲಿನ ಸದಸ್ಯರು ಚರ್ಚೆ ಮಾಡಿ ಹಾಕುವ ಅಂದಾಜು. ಶುರು ಮಾಡಲು ಒಳ್ಳೆ ಜಾಗ, ಅಲ್ಲೇ ನಿಲ್ಲಬೇಡಿ. ಆ ಸಂಖ್ಯೆಯನ್ನು ಕೈಯಲ್ಲಿ ಹಿಡಿದುಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಾ ಏರಿಸಿ, ಇಳಿಸಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಕಾಂಟ್ರ್ಯಾಕ್ಟ್ ಎಷ್ಟು ವರ್ಷ ಉಳಿದಿದೆ? 2024-25ರಲ್ಲಿ ಮೊಹಮ್ಮದ್ ಸಲಾ ಲೀಗ್‌ನಲ್ಲಿ 29 ಗೋಲು, 18 ಅಸಿಸ್ಟ್. ಲಿವರ್‌ಪೂಲ್ ಚಾಂಪಿಯನ್. ಅವನಿಗಿಂತ ಒಳ್ಳೆ ಫಾರ್ಮ್‌ನಲ್ಲಿದ್ದ ವಿಂಗರ್ ಇಂಗ್ಲೆಂಡಿನಲ್ಲಿ ಇರಲಿಲ್ಲ. ಆದರೆ ಕಾಂಟ್ರ್ಯಾಕ್ಟ್ 2025ರ ಜೂನ್‌ಗೆ ಮುಗಿಯುತ್ತಿತ್ತು. ಏಪ್ರಿಲ್‌ನಲ್ಲಿ ಎರಡು ವರ್ಷಕ್ಕೆ ಸಹಿ ಹಾಕದೆ ಹೋಗಿದ್ದರೆ ಲಿವರ್‌ಪೂಲ್ ಕೈಗೆ ಸಿಗುತ್ತಿದ್ದ ಟ್ರಾನ್ಸ್‌ಫರ್ ಹಣ ಸೊನ್ನೆ. ನನ್ನ ಕೈಲೆಕ್ಕ ಹೀಗಿದೆ: ಮೂರು ವರ್ಷಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಬೆಲೆ, ಎರಡು ಇದ್ದರೆ ಕಾಲು ಭಾಗ ಕಡಿತ, ಒಂದೇ ವರ್ಷ ಇದ್ದರೆ ಅರ್ಧ. ಇದು ಕೈ ಕೊಡುವುದೂ ಉಂಟು. 2019ರಲ್ಲಿ ಏಡೆನ್ ಹಜಾರ್ಡ್‌ಗೆ ಚೆಲ್ಸಿಯಲ್ಲಿ ಉಳಿದಿದ್ದು ಒಂದೇ ವರ್ಷ. ರಿಯಲ್ ಮ್ಯಾಡ್ರಿಡ್ ಆದರೂ 100 ಮಿಲಿಯನ್ ಯೂರೊ ಕೊಟ್ಟಿತು. ಆಮೇಲೆ ಗಾಯದ ಮೇಲೆ ಗಾಯ, ನಾಲ್ಕು ವರ್ಷದಲ್ಲಿ 76 ಪಂದ್ಯ, 7 ಗೋಲು.

ಕಾಂಟ್ರ್ಯಾಕ್ಟ್‌ನಲ್ಲಿ ರಿಲೀಸ್ ಕ್ಲಾಜ್ (ಇಷ್ಟು ಹಣ ಕೊಟ್ಟರೆ ಬಿಟ್ಟುಕೊಡಲೇಬೇಕು ಅನ್ನುವ ಷರತ್ತು) ಇದ್ದರಂತೂ ಉಳಿದ ಲೆಕ್ಕವೇ ಬೇಡ. ಒಲಿಸೆಯನ್ನು 2021ರಲ್ಲಿ ಪ್ಯಾಲೇಸ್ ರೆಡಿಂಗ್‌ನಿಂದ ತಂದಿದ್ದು ಸುಮಾರು 8 ಮಿಲಿಯನ್ ಪೌಂಡ್‌ಗೆ, ಕ್ಲಾಜ್‌ನಲ್ಲಿ ಹಾಗೆ ಬರೆದಿತ್ತು ಅಂತ.

ವಯಸ್ಸು, ಗಾಯ ಎರಡನ್ನೂ ಒಟ್ಟಿಗೆ ನೋಡಿ, ಯಾಕೆಂದರೆ ವಿಂಗರ್ ಬದುಕೋದು ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂಭಾಗದ ಸ್ನಾಯು) ಮೇಲೆ. 22ರಿಂದ 25ರವರೆಗೆ ಬೆಲೆ ನೆತ್ತಿ ಮೇಲೆ, 28 ದಾಟಿದರೆ ಇಳಿಜಾರು. ಲೂಯಿಸ್ ಡಿಯಾಸ್‌ಗೆ 28ರಲ್ಲಿ ಬಯರ್ನ್ ಸುಮಾರು 70 ಮಿಲಿಯನ್ ಯೂರೊ ಕೊಟ್ಟಿದ್ದು ಅಪರೂಪದ ಕೇಸು. ಉಸ್ಮಾನ್ ಡೆಂಬೆಲೆಯನ್ನು 2017ರಲ್ಲಿ ಬಾರ್ಸಿಲೋನಾ 105 ಮಿಲಿಯನ್ ಕೊಟ್ಟು ತಂದಿತು, ಹ್ಯಾಮ್‌ಸ್ಟ್ರಿಂಗ್ ಪದೇ ಪದೇ ಹೋಯಿತು, 2023ರಲ್ಲಿ ಪಿಎಸ್‌ಜಿಗೆ ಸುಮಾರು 50ಕ್ಕೆ ಸಿಕ್ಕ. 2025ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿಓರ್ ಗೆದ್ದ. ಹೆಚ್ಚಾಗಿ ನಡುವೆ ಆಡಿ, ಗೆರೆ ಪಕ್ಕದಲ್ಲಿ ಅಲ್ಲ.

ಇನ್ನು ಗತ್ತು ಮತ್ತು ಗರಜು. 2022ರ ಆಗಸ್ಟ್ ನೆನಪಿಸಿಕೊಳ್ಳಿ. ಯುನೈಟೆಡ್ ಮೊದಲ ಪಂದ್ಯ ಬ್ರೈಟನ್ ಎದುರು ಸೋತಿತು, ಎರಡನೆಯದರಲ್ಲಿ ಬ್ರೆಂಟ್‌ಫರ್ಡ್ 4-0 ಹೊಡೆಯಿತು. ಕೋಚ್ ಎರಿಕ್ ಟೆನ್ ಹಾಗ್ ಆಯಾಕ್ಸ್‌ನಿಂದ ಬಂದವರು, ಅಲ್ಲಿನ ತಮ್ಮ ಹಳೇ ಹುಡುಗ ಆಂಟನಿಯೇ ಬೇಕು ಅಂತಿದ್ದರು. ವಿಂಡೋ, ಅಂದರೆ ಆಟಗಾರರನ್ನು ಕೊಳ್ಳುವ ಅವಧಿ, ಸೆಪ್ಟೆಂಬರ್ 1ಕ್ಕೆ ಮುಚ್ಚುತ್ತಿತ್ತು. ಆಯಾಕ್ಸ್ ಆ ಬೇಸಿಗೆಯಲ್ಲಿ ಆಗಲೇ ಮಾರ್ಟಿನೆಜ್, ಅಲೆರ್, ಗ್ರಾವೆನ್‌ಬೆರ್ಖ್ ಮೂವರನ್ನೂ ಮಾರಿ ಗಲ್ಲಾ ತುಂಬಿಸಿಕೊಂಡಿತ್ತು, ಆಂಟನಿ ಕಾಂಟ್ರ್ಯಾಕ್ಟ್ 2025ರವರೆಗೆ ಇತ್ತು. ಅವರಿಗೆ ಮಾರುವ ಅವಸರವೇ ಇಲ್ಲ. 2020ರಲ್ಲಿ ಸಾವೊ ಪಾಲೊದಿಂದ ಸುಮಾರು 16 ಮಿಲಿಯನ್‌ಗೆ ತಂದ ಹುಡುಗನಿಗೆ 95 ಹೇಳಿದರು, ಸಿಕ್ಕಿತು. ಹಿಂದಿನ ಸೀಸನ್ನಿನಲ್ಲಿ ಡಚ್ ಲೀಗ್‌ನಲ್ಲಿ ಅವನು ಹೊಡೆದಿದ್ದು 23 ಪಂದ್ಯಕ್ಕೆ 8 ಗೋಲು. ಆ ಅಂಕಿಯಿಂದ 95ಕ್ಕೆ ದಾರಿಯೇ ಇಲ್ಲ. ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಕನಕಾಂಬರದ ರೇಟ್ ಕೇಳಿದ ಹಾಗಾಯಿತು.

ಕೊನೆಯಲ್ಲಿ ಲೆಕ್ಕಪತ್ರ. ಕ್ಲಬ್‌ಗಳು ಟ್ರಾನ್ಸ್‌ಫರ್ ಹಣವನ್ನು ಕಾಂಟ್ರ್ಯಾಕ್ಟ್ ವರ್ಷಗಳ ಮೇಲೆ ಹಂಚಿ ಬರೆಯುತ್ತವೆ. ಐದು ವರ್ಷಕ್ಕೆ 95 ಅಂದರೆ ವರ್ಷಕ್ಕೆ 19. ಮೂರು ವರ್ಷ ಆದಮೇಲೆ ಪುಸ್ತಕದಲ್ಲಿ ಇನ್ನೂ 38 ಉಳಿದಿರುತ್ತೆ. ಅದಕ್ಕಿಂತ ಕಡಿಮೆಗೆ ಮಾರಿದರೆ ನಷ್ಟ ಕಾಣುತ್ತೆ. ಫಾರ್ಮ್ ಇಲ್ಲದ ದುಬಾರಿ ವಿಂಗರ್‌ಗಳು ಮಾರಾಟವಾಗದೆ ಲೋನ್ ಮೇಲೆ ಲೋನ್ (ಬೇರೆ ಕ್ಲಬ್‌ಗೆ ತಾತ್ಕಾಲಿಕ ಎರವಲು) ಸುತ್ತೋದಕ್ಕೆ ಇದೂ ಒಂದು ಕಾರಣ. ಚೆಲ್ಸಿ 2023ರ ಜನವರಿಯಲ್ಲಿ ವಿಂಗರ್ ಮುದ್ರಿಕ್‌ಗೆ ಎಂಟೂವರೆ ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟು ವರ್ಷದ ಪಾಲನ್ನು ತೆಳುವಾಗಿಸಿತು, ಅದಾದ ಮೇಲೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಈ ಹಂಚಿಕೆಗೆ ಐದು ವರ್ಷದ ಮಿತಿ ಹಾಕಿತು.

ಆಂಟನಿಯೂ 2025ರ ಜನವರಿಯಲ್ಲಿ ಬೆಟಿಸ್‌ಗೆ ಲೋನ್ ಮೇಲೆಯೇ ಹೋಗಿದ್ದ. ಅಲ್ಲಿ 26 ಪಂದ್ಯಕ್ಕೆ 9 ಗೋಲು, ಕಾನ್ಫರೆನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಫಿಯೊರೆಂಟಿನಾ ಎದುರು ಎರಡೂ ಪಂದ್ಯದಲ್ಲಿ ಗೋಲು. ನಾನು ಮತ್ತೆ ನೋಟ್‌ಬುಕ್ ತೆಗೆದೆ. ಟಿಕ್ ಜಾಸ್ತಿಯಾಗಿತ್ತು. ಜಾಗ ಸಿಗುವ ಲೀಗ್, ಪಕ್ಕದಲ್ಲಿ ಇಸ್ಕೊ ಥರದ ಮಿಡ್‌ಫೀಲ್ಡರ್, ಚೆಂಡು ಓಟದಲ್ಲೇ ಬರುತ್ತಿತ್ತು. ಫಾರ್ಮ್ ಹೀಗೆ ಏರಿದ್ದರೂ ಆ ಬೇಸಿಗೆಯಲ್ಲಿ ಬೆಲೆ 22ಕ್ಕೇ ನಿಂತಿತು. ಈ ಸಲ ಮಾರುವ ಅವಸರ ಯುನೈಟೆಡ್‌ಗೆ ಇತ್ತು, ಬೆಟಿಸ್‌ಗೆ ವಿಂಡೋ ಮುಚ್ಚುವವರೆಗೂ ಕಾಯುವ ತಾಳ್ಮೆ ಇತ್ತು. ಆದರೂ ಯುನೈಟೆಡ್‌ನವರು ಮುಂದಿನ ಮಾರಾಟದಲ್ಲಿ ತಮಗೂ ಪಾಲು ಇರಲಿ ಅಂತ ಬರೆಸಿಕೊಂಡೇ ಕಳಿಸಿದರು.