ಅಗ್ಗದ ಡ್ಯಾಕ್ ಬೋರ್ಡ್ ಕೊನೆಗೂ ಹಾಡಿತು: ನನ್ನ ಅನುಭವ

ಡ್ಯಾಕ್ ಎಂದರೆ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಂಕೇತವಾಗಿ ಬದಲಿಸುವ ಸಾಧನ. ಪಿಸಿಎಂ5102ಎ ಎಂಬ ಡ್ಯಾಕ್ ಚಿಪ್ ಇರುವ ನೇರಳೆ ಬಣ್ಣದ ಬೋರ್ಡ್ ಆಟಕ್ಕಷ್ಟೇ ಲಾಯಕ್ಕೆಂದು ನಗುತ್ತಿದ್ದ ಗೆಳೆಯರೊಬ್ಬರು, ಈಗ ತಮಗೂ ಒಂದನ್ನು ಕಟ್ಟಿಕೊಡಿ ಎಂದು ಕೇಳುತ್ತಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾನು ಅದಕ್ಕೆ ಕೊಟ್ಟದ್ದು ಮುನ್ನೂರೈವತ್ತು ರೂಪಾಯಿಯ ಆಸುಪಾಸು.

ಮೊದಲ ಬೋರ್ಡ್ ಉಸಿರೇ ಬಿಡಲಿಲ್ಲ. ಅದರ ಹಿಂಬದಿಯ ನಾಲ್ಕು ಜಂಪರ್‌ಗಳು (ಚಿಪ್‌ನ ಕಾಲುಗಳನ್ನು ಇತ್ತ ಅಥವಾ ಅತ್ತ ಸೇರಿಸುವ ಪುಟ್ಟ ಕೊಂಡಿಗಳು) ಬೆಸುಗೆಯಿಲ್ಲದೆ ಬಂದಿದ್ದವು. ಸದ್ದನ್ನು ಅಡಗಿಸುವ ಎಕ್ಸ್‌ಎಸ್‌ಎಂಟಿ ಕಾಲಿಗೆ 3.3 ವೋಲ್ಟ್ ಸಿಗದ ಹೊರತು ಈ ಚಿಪ್ ಬಾಯಿ ತೆರೆಯುವುದಿಲ್ಲ. ಆ ಕಾಲಿನ ಜಂಪರನ್ನು 3.3 ವೋಲ್ಟ್ ಬದಿಗೆ, ಉಳಿದ ಮೂರನ್ನು ಗ್ರೌಂಡ್ ಬದಿಗೆ ಬೆಸೆದೆ. ಹಾಡು ನುಡಿಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಝೀರೋದ 12, 35 ಮತ್ತು 40ನೆಯ ಪಿನ್‌ಗಳಿಂದ ತಂತಿ ಎಳೆದು, ಚಿಪ್ ತನ್ನ ಕ್ಲಾಕನ್ನು (ಕೆಲಸಕ್ಕೆ ಲಯ ಕೊಡುವ ಮಿಡಿತವನ್ನು) ಅದನ್ನು ಒಳಗೇ ಹುಟ್ಟಿಸುವ ಪಿಎಲ್‌ಎಲ್‌ನಿಂದಲೇ ಪಡೆಯಲೆಂದು, ಹೊರಗಿನ ಕ್ಲಾಕಿಗಿರುವ ಎಸ್‌ಸಿಕೆ ಕಾಲನ್ನು ಗ್ರೌಂಡ್‌ಗೆ ಸೇರಿಸಿದ ಮೇಲೆ ಹಾಡು ಕೇಳಿಸಿತು. ಎರಡನೆಯ ಬೋರ್ಡ್‌ನಲ್ಲಿ ಬಲಗಡೆಯ ಚಾನೆಲ್ ಹುಟ್ಟಾ ಸತ್ತಿತ್ತು. ಅಂಗಡಿಯವರು ವಾಪಸು ಪಡೆಯಲಿಲ್ಲವಾದ್ದರಿಂದ ಆ ದುಡ್ಡು ನೀರಿಗೆ ಬಿತ್ತು.

ನಿಜವಾದ ತಲೆನೋವು ಗುಂಯ್ ಎನ್ನುವ ಸದ್ದು. ಅಬ್ಬರದ ಸಂಗೀತದಲ್ಲಿ ಅಡಗುವ ಅದು, ಕಛೇರಿಯ ಧ್ವನಿಮುದ್ರಣದಲ್ಲಿ ಗಾಯಕರು ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ತಂಬೂರಿಯ ಅಡಿಯಿಂದ ಅಪಶ್ರುತಿಯಾಗಿ ಏಳುತ್ತಿತ್ತು. ಪೈಯನ್ನು ಪವರ್ ಬ್ಯಾಂಕ್‌ನಲ್ಲಿ ನಡೆಸಿದಾಗ ಸದ್ದು ಪೂರ್ತಿ ನಿಂತಿದ್ದರಿಂದ ದೋಷ ಚಾರ್ಜರಿನದೆಂದು ಖಚಿತವಾಯಿತು. 9 ವೋಲ್ಟ್ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿಯಾಗಿಸುವ ಬ್ರಿಡ್ಜ್, 4700 ಮೈಕ್ರೋಫ್ಯಾರಡ್ ಕೆಪಾಸಿಟರ್, ಅಂಗೈಯಗಲದ ಹೀಟ್‌ಸಿಂಕ್ ಮೇಲೆ ಕೂರಿಸಿದ 7805 (ಸ್ಥಿರವಾದ 5 ವೋಲ್ಟ್ ಕೊಡುವ ಚಿಪ್): ಚಾರ್ಜರಿನ ಬದಲು ಕಟ್ಟಿದ ಇಷ್ಟಕ್ಕೆ ಐನೂರರಷ್ಟು ಖರ್ಚಾಯಿತು. ಗ್ರೌಂಡ್ ತಂತಿಗಳನ್ನು ಎಲ್ಲಿ ಕೂಡಿಸಿದೆನೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಉಳಿದ ಗುಸುಗುಸು ಅಡಗಿದ್ದು ಅದರಿಂದಲೇ.

ನಡುವೆ ಫಿಲಿಪ್ಸ್‌ನ ಹಳೆಯ ಡ್ಯಾಕ್ ಚಿಪ್ ಟಿಡಿಎ1543ರ ಚಪಲವೂ ಹತ್ತಿತು. ತಂದವುಗಳಲ್ಲಿ ಒಂದೆರಡರ ಅಕ್ಷರಗಳು ಥಿನ್ನರ್ ಹಚ್ಚಿದೊಡನೆ ಅಳಿಸಿಹೋದವು, ಅಂದರೆ ನಕಲಿ ಎಂಬ ಗುಮಾನಿ. ಅಸಲಿಯಂತೆ ಕಂಡದ್ದನ್ನು ಡಿಜಿಟಲ್ ಫಿಲ್ಟರ್ ಇಲ್ಲದೆ ನಡೆಸಿದಾಗ ವೀಣೆ ಮಧುರವಾಗಿತ್ತು, ಆದರೆ ತಾಳದ ಮೊನಚು ಮಂಕಾಗಿತ್ತು. ಸಿಡಿಯ ದರದಲ್ಲಿ ಹೀಗೆ ನಡೆಸಿದರೆ 20 ಕಿಲೋಹರ್ಟ್ಸ್ ಹೊತ್ತಿಗೆ ಸುಮಾರು ಮೂರು ಡೆಸಿಬಲ್ ಇಳಿಯುತ್ತದೆ. ಅದನ್ನು ಡಬ್ಬಿಗೆ ಹಾಕಿದೆ.

5102ರ 2.1 ವೋಲ್ಟ್ ಔಟ್‌ಪುಟ್ ನನ್ನ ಹಳೆಯ ಆಂಪ್ಲಿಫೈಯರ್‌ಗೆ ಅತಿಯಾಗಿ, ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಮನೆಯವರು ರೇಗುತ್ತಿದ್ದರು. ಪ್ರತಿ ಚಾನೆಲ್‌ಗೆ 10 ಕಿಲೋಓಮ್ ಮತ್ತು 4.7 ಕಿಲೋಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳಿಂದ ವೋಲ್ಟೇಜ್ ತಗ್ಗಿಸುವ ಡಿವೈಡರ್ ಹಾಕಿದ ಮೇಲೆ ಗುಂಡಿ ಅರ್ಧದವರೆಗೆ ನಿರಾಳವಾಗಿ ತಿರುಗುತ್ತಿದೆ. ಪೈ ಬಿಟ್ಟು ಒಟ್ಟು ಖರ್ಚು, ಸತ್ತ ಬೋರ್ಡ್ ಸೇರಿಸಿ, ಸಾವಿರದ ಆರುನೂರರ ಹತ್ತಿರ.