ಲೈಬರ್ ನಿಂತಾಗ ಮುರಾಬಹಾ ಪತ್ರಗಳನ್ನು ತಿದ್ದಿದ್ದು: ನನ್ನ ಅನುಭವ

2023ರ ಜೂನ್ 30ಕ್ಕೆ ಡಾಲರ್ ಲೈಬರ್, ಅಂದರೆ ಲಂಡನ್‌ನಲ್ಲಿ ಬ್ಯಾಂಕುಗಳು ಒಂದಕ್ಕೊಂದು ಡಾಲರ್ ಸಾಲ ಕೊಡುವ ಬಡ್ಡಿದರದ ಸೂಚಿ, ನಿಂತುಹೋಗುತ್ತದೆ ಅಂತ ಗೊತ್ತಿತ್ತು. ಬಹ್ರೇನ್‌ನಲ್ಲಿ ನಾನಿದ್ದ ಇಸ್ಲಾಮಿಕ್ ಬ್ಯಾಂಕಿನಲ್ಲಿ ಹಳೇ ಮುರಾಬಹಾ ಒಪ್ಪಂದಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ಊರಿಗೆ ಫೋನ್ ಮಾಡಿದಾಗ ಭಾವ ಕೇಳಿದರು, "ಬಡ್ಡಿನೇ ಇಲ್ಲದ ಬ್ಯಾಂಕಿಗೆ ಲೈಬರ್ ಯಾಕೆ ಮಾರಾಯ?"

ಸರಿಯಾದ ಪ್ರಶ್ನೆ. ಮುರಾಬಹಾ ಸಾಲ ಅಲ್ಲ, ಮಾರಾಟ. ಬ್ಯಾಂಕು ದಲ್ಲಾಳಿಯಿಂದ ಅಲ್ಯೂಮಿನಿಯಂ ಕೊಂಡು, ಲಾಭ ಸೇರಿಸಿ, ಹಣ ಆಮೇಲೆ ಕೊಡುವ ಕರಾರಿನ ಮೇಲೆ ಗ್ರಾಹಕರಿಗೆ ಮಾರುತ್ತದೆ. ಅವರು ಅದನ್ನು ಇನ್ನೊಬ್ಬ ದಲ್ಲಾಳಿಗೆ ಮಾರಿ ನಗದು ಮಾಡಿಕೊಳ್ಳುತ್ತಾರೆ. ಲಾಭ ಎಷ್ಟಿಡಬೇಕು ಅಂತ ಅಳೆಯೋಕೆ ಮಾತ್ರ ಲೈಬರ್ ನೋಡುತ್ತಿದ್ದೆವು. ಆದರೆ ಮಾರುವ ಹೊತ್ತಿಗೆ ಬೆಲೆ ಇಬ್ಬರಿಗೂ ಗೊತ್ತಿರಲೇಬೇಕು, ಆಮೇಲೆ ಒಂದು ಪೈಸೆಯೂ ಏರಿಸುವ ಹಾಗಿಲ್ಲ.

ಲೈಬರ್ ಇದ್ದಾಗ ಮೂರು ತಿಂಗಳ ದರ ಮೊದಲ ದಿನವೇ ಕೈಗೆ ಸಿಗುತ್ತಿತ್ತು. ಅದರ ಜಾಗಕ್ಕೆ ಬಂದ ಸೋಫರ್, ಅಮೆರಿಕದಲ್ಲಿ ಒಂದು ರಾತ್ರಿಯ ಮಟ್ಟಿಗೆ ಡಾಲರ್ ಸಾಲ ಪಡೆಯುವ ದರ. ಮಾಮೂಲಿ ಬ್ಯಾಂಕುಗಳಲ್ಲಿ ಎಷ್ಟೋ ಸಾಲಗಳಿಗೆ ಅದನ್ನು ದಿನದಿನ ಕೂಡಿಸುತ್ತಾ ಹೋಗಿ 90ನೇ ದಿನದ ಹತ್ತಿರ ಲೆಕ್ಕ ಮುಗಿಸುತ್ತಾರೆ. ಅವಸರದಲ್ಲಿ ನಾನು ಅಂಥದ್ದೇ ಒಂದು ಸಾಲಪತ್ರದ ಷರತ್ತನ್ನು ನಮ್ಮ ಕರಡಿಗೆ ಇಳಿಸಿಬಿಟ್ಟೆ.

ಒಪ್ಪಂದಗಳು ಇಸ್ಲಾಮಿಕ್ ನಿಯಮಕ್ಕೆ ಹೊಂದುತ್ತವಾ ಅಂತ ನೋಡುವ ಶರಿಯಾ ಸಮಿತಿಯ ಶೇಖ್ ಪೆನ್ಸಿಲ್‌ನಿಂದ ಆ ಸಾಲಿಗೆ ಸುತ್ತು ಹಾಕಿ "ಬೆಲೆ ಎಷ್ಟು?" ಅಂದರು. ನಾನು ಲೆಕ್ಕದ ಕ್ರಮ ವಿವರಿಸೋಕೆ ಶುರು ಮಾಡಿದೆ. ಪೂರ್ತಿ ಕೇಳಿಸಿಕೊಂಡು ಮತ್ತೆ ಅದನ್ನೇ ಕೇಳಿದರು, "ಬೆಲೆ ಎಷ್ಟು?" ಹೇಳೋಕೆ ನನ್ನ ಹತ್ತಿರ ಅಂಕಿಯೇ ಇರಲಿಲ್ಲ.

ಗರಿಷ್ಠ ಬೆಲೆಗೆ ಮಾರಿ ಕೊನೆಯಲ್ಲಿ ರಿಯಾಯಿತಿ ಕೊಡುವ ದಾರಿ ಒಂದಿದೆ, ಇಬ್ರಾ ಅನ್ನುತ್ತಾರೆ. ಮಲೇಷ್ಯಾದಲ್ಲಿ ಅದನ್ನು ಒಪ್ಪಂದದಲ್ಲೇ ಬರೆಯುತ್ತಾರೆ. ನಮ್ಮ ಸಮಿತಿ ಒಪ್ಪಲಿಲ್ಲ. ಕೊನೆಗೆ ಟರ್ಮ್ ಸೋಫರ್ ಹಿಡಿದೆವು. ಅಮೆರಿಕದ ವಾಯಿದಾ ಮಾರುಕಟ್ಟೆ ಸಂಸ್ಥೆ ಸಿಎಂಇ ಪ್ರಕಟಿಸುವ ಈ ದರ ಮುಂದಿನ ಒಂದು, ಮೂರು, ಆರು, ಹನ್ನೆರಡು ತಿಂಗಳಿಗೆ ಮೊದಲೇ ಗೊತ್ತಾಗುತ್ತದೆ. 1 ಕೋಟಿ ಡಾಲರ್‌ಗೆ 90 ದಿನ ಅಂತಿಟ್ಟುಕೊಳ್ಳಿ. ಟರ್ಮ್ ಸೋಫರ್ 5.3, ಅದರ ಮೇಲೆ ನಮ್ಮದು 2, ಒಟ್ಟು ಶೇ. 7.3. ವರ್ಷಕ್ಕೆ 360 ದಿನದ ಲೆಕ್ಕದಲ್ಲಿ ಲಾಭ 1,82,500 ಡಾಲರ್. ಮಾರಾಟದ ಪತ್ರದಲ್ಲಿ 1,01,82,500 ಅಂತ ಬರೆದರೆ ಮುಗೀತು.

ಜಾಸ್ತಿ ತಲೆಕೆಡಿಸಿದ್ದು ರಜಾ ದಿನಗಳು. ಟರ್ಮ್ ಸೋಫರ್‌ನಲ್ಲಿ ನಾವು ನೋಡುತ್ತಿದ್ದದ್ದು ಅಮೆರಿಕದ ಎರಡು ಕೆಲಸದ ದಿನ ಹಿಂದಿನ ದರ. ಬಹ್ರೇನ್‌ನಲ್ಲಿ ರಜೆ ಶುಕ್ರವಾರ, ಶನಿವಾರ. ಅಲ್ಲಿ ಶನಿವಾರ, ಭಾನುವಾರ. ಹಾಗಾಗಿ ಸೋಮವಾರದ ವ್ಯವಹಾರಕ್ಕೆ ಗುರುವಾರದ ದರ ಬೇಕು, ಅಲ್ವಾ? ನಮ್ಮ ಸಿಸ್ಟಮ್ ಅಲ್ಲಿನ ರಜೆಯ ಜೊತೆಗೆ ನಮ್ಮ ಶುಕ್ರವಾರವನ್ನೂ ರಜೆ ಅಂತ ಹಿಡಿದು ಬುಧವಾರದ್ದನ್ನು ಎತ್ತಿಕೊಳ್ಳುತ್ತಿತ್ತು. ಸಾಲಕ್ಕಾದರೆ ಆಮೇಲೆ ಸರಿಹೊಂದಿಸಬಹುದು. ಇಲ್ಲಿ ಕಡಿಮೆ ಬರೆದರೆ ನಷ್ಟ ನಮ್ಮದು, ಜಾಸ್ತಿ ಬರೆದರೆ ಗ್ರಾಹಕರಿಗೆ ಅನ್ಯಾಯ. ಪರೀಕ್ಷೆಯ ಹಂತದಲ್ಲೇ ಇದು ಕಣ್ಣಿಗೆ ಬಿದ್ದಿದ್ದು ಪುಣ್ಯ. ಎರಡೂ ದೇಶದ ರಜೆ ಗುರುತು ಮಾಡಿದ ಕ್ಯಾಲೆಂಡರ್ ಒಂದನ್ನು ಮೇಜಿನ ಎದುರಿಗೇ ಅಂಟಿಸಿಕೊಂಡೆ.

ಜುಲೈನಲ್ಲಿ ಮೊದಲ ಹೊಸ ಪತ್ರ ತಯಾರಾದಾಗ ಅದನ್ನು ಶೇಖ್ ಮುಂದಿಟ್ಟೆ. ಅವರು ಬೆರಳಿಟ್ಟು ಹುಡುಕಿದ್ದು ಒಂದೇ ಸಾಲನ್ನು. ಈ ಸಲ ಅಲ್ಲಿ ಅಂಕಿ ಇತ್ತು.