ಎರಡನೇ ಸ್ಥಾನದ ಲೆಕ್ಕ: ಪಕ್ಷಾಂತರದ ವರದಿ ಮಾಡಿದ ನನ್ನ ಅನುಭವ

ಶಾಸಕರು ಗುಂಪು ಕಟ್ಟಿಕೊಂಡು ರೆಸಾರ್ಟ್ ಸೇರಿದರು ಎಂದರೆ ಸಾಕು, ಪತ್ರಕರ್ತರ ದಂಡು ಅದರ ಗೇಟಿನ ಮುಂದೆ ಬೀಡುಬಿಡುತ್ತದೆ. ನಾನು ಆ ಪಾಳಿಯನ್ನು ಆದಷ್ಟು ಬೇರೆಯವರಿಗೆ ಬಿಟ್ಟುಕೊಟ್ಟು ಕ್ಷೇತ್ರದ ಬಸ್ ಹತ್ತುತ್ತಿದ್ದೆ. ಗೇಟಿನ ಬಳಿ ಸಿಗುವುದು ಒಳಗೆ ಹೋದ ಕಾರುಗಳ ಲೆಕ್ಕ, ಬೆಳಗಿನ ತಿಂಡಿಯ ವಿವರ. ಪಕ್ಷ ಬಿಟ್ಟ ಶಾಸಕ ಮತ್ತೆ ಗೆದ್ದು ಬರುತ್ತಾನೋ ಇಲ್ಲವೋ ಎಂಬ ಸುಳಿವು ಇರುವುದು ತಾಲ್ಲೂಕು ಕೇಂದ್ರದಲ್ಲಿ, ಅದರಲ್ಲೂ ಕಳೆದ ಚುನಾವಣೆಯಲ್ಲಿ ಅವನೆದುರು ಸೋತವನ ಮನೆಯ ಜಗಲಿಯಲ್ಲಿ.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. 1985ರಲ್ಲಿ ಸಂವಿಧಾನಕ್ಕೆ ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ ಸೇರಿದಾಗ, ಶಾಸಕಾಂಗ ಪಕ್ಷದ ಮೂರನೇ ಒಂದು ಭಾಗದಷ್ಟು ಸದಸ್ಯರು ಒಟ್ಟಾಗಿ ಹೊರಬಂದರೆ ಅನರ್ಹತೆಯಿಂದ ಪಾರಾಗಬಹುದಿತ್ತು. 2003ರ 91ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಒಬ್ಬಿಬ್ಬರಾಗಿ ಹೊರಡುವವರಿಗೆ ಉಳಿದದ್ದು ರಾಜೀನಾಮೆಯ ದಾರಿ: ಸ್ಥಾನ ಬಿಡುವುದು, ಹೊಸ ಚಿಹ್ನೆಯಡಿ ಉಪಚುನಾವಣೆಗೆ ನಿಲ್ಲುವುದು. 2008ರಲ್ಲಿ ಬಹುಮತಕ್ಕೆ ಮೂರು ಕಡಿಮೆ, 110 ಸ್ಥಾನಕ್ಕೆ ನಿಂತಿದ್ದ ಬಿಜೆಪಿ ಇದನ್ನೇ ಹಿಡಿದು ‘ಆಪರೇಷನ್ ಕಮಲ’ ನಡೆಸಿತು. ಆದರೆ ವಲಸೆ ಹೋದವನು ಕಾಲಿಡುವ ಮನೆಯಲ್ಲಿ ಆಗಲೇ ಒಬ್ಬ ಯಜಮಾನನಿರುತ್ತಾನೆ. ನಿನ್ನೆಯವರೆಗೆ ಇವನ ವಿರುದ್ಧ ಮತ ಕೇಳಿದ ಅವನು ಇಂದು ಇವನಿಗಾಗಿ ಮತ ಕೇಳಬೇಕು.

2019ರ ಜುಲೈ 6ರಂದು ಕಾಂಗ್ರೆಸ್-ಜೆಡಿಎಸ್ ಸಮ್ಮಿಶ್ರ ಸರ್ಕಾರದ ಶಾಸಕರು ಸ್ಪೀಕರ್ ಕಚೇರಿಗೆ ಗುಂಪಾಗಿ ಬಂದು ರಾಜೀನಾಮೆ ಕೊಟ್ಟಾಗ ಸ್ಪೀಕರ್ ರಮೇಶ್ ಕುಮಾರ್ ಅಲ್ಲಿರಲಿಲ್ಲ. 9ರಂದು ಅವರು ಹೇಳಿದ್ದು, 13 ಪತ್ರಗಳಲ್ಲಿ 8 ನಿಗದಿತ ನಮೂನೆಯಲ್ಲಿಲ್ಲ ಎಂದು. ಮೊಗಸಾಲೆಯಲ್ಲಿ ಹಲವರು ನಕ್ಕರು. ವರ್ಷಗಟ್ಟಲೆ ಶಾಸಕರಾಗಿದ್ದವರು ನಾಲ್ಕು ಸಾಲಿನ ಪತ್ರವನ್ನು ನಿಯಮದಂತೆ ಬರೆಯಲಾರದೆ ಹೋದದ್ದು ತಮಾಷೆಯೇ ಸರಿ. ಆದರೆ ಆ ನಮೂನೆಯ ನೆಪದಲ್ಲಿ ಸಿಕ್ಕಿದ ಪ್ರತಿ ದಿನವೂ ಸರ್ಕಾರಕ್ಕೆ ಉಸಿರಾಡಲು ಸಿಕ್ಕ ದಿನವಾಗಿತ್ತು. ಕೊನೆಗೆ 23ರಂದು ವಿಶ್ವಾಸಮತದಲ್ಲಿ 99–105 ಆಗಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಅದೇ ತಿಂಗಳ ಕೊನೆಯೊಳಗೆ 17 ಮಂದಿ ಅನರ್ಹರಾದರು.

ಆಗ ನಾನು ಮಾಡಿದ ಕೆಲಸ ಇಷ್ಟೇ: ಪ್ರತಿ ಕ್ಷೇತ್ರಕ್ಕೆ ಪುಸ್ತಕದಲ್ಲಿ ಒಂದು ಪುಟ ಎತ್ತಿಟ್ಟೆ. ಮೇಲೆ 2018ರಲ್ಲಿ ಎರಡನೇ ಸ್ಥಾನ ಪಡೆದವರ ಹೆಸರು, ಪಕ್ಷ, ಸೋಲಿನ ಅಂತರ; ಕೆಳಗೆ, ಅವರನ್ನು ಸಮಾಧಾನಪಡಿಸಲು ಏನು ಕೊಡುತ್ತಿದ್ದಾರೆ ಎಂಬ ಟಿಪ್ಪಣಿ. ಕೆಲವು ಪುಟಗಳು ಬೇಗ ಮುಗಿದವು. ಚಿಕ್ಕಬಳ್ಳಾಪುರದಲ್ಲಿ ಡಾ. ಕೆ. ಸುಧಾಕರ್ ಅವರೆದುರು ಎರಡನೇ ಸ್ಥಾನದಲ್ಲಿದ್ದದ್ದು ಜೆಡಿಎಸ್. ಯಶವಂತಪುರದಲ್ಲೂ ಹಾಗೆಯೇ. ಬಿಜೆಪಿಯೊಳಗೆ ಮುನಿಸಿಕೊಳ್ಳಲು ಗಟ್ಟಿ ಆಳೇ ಇಲ್ಲದ ಕಡೆ ವಲಸೆ ಸಲೀಸು.

ಹೊಸಕೋಟೆಯ ಪುಟ ಮಾತ್ರ ತುಂಬುತ್ತಲೇ ಹೋಯಿತು. ಎಂ.ಟಿ.ಬಿ. ನಾಗರಾಜ್ ಎದುರು ಬಿಜೆಪಿಯಿಂದ ಸೋತಿದ್ದವರು ಯುವ ನಾಯಕ ಶರತ್ ಬಚ್ಚೇಗೌಡ. ತಂದೆ ಅದೇ ಪಕ್ಷದ ಸಂಸದ. ಗೃಹ ಮಂಡಳಿಯ ಅಧ್ಯಕ್ಷ ಸ್ಥಾನ ಕೊಟ್ಟು ಒಲಿಸಲು ನೋಡಿದರು. ಹುಡುಗ ಒಪ್ಪಿಕೊಳ್ಳುತ್ತಾನೆ, ಅಪ್ಪನಿಗೆ ಮುಜುಗರ ಮಾಡುವುದಿಲ್ಲ ಎಂದು ಬೆಂಗಳೂರಿನಲ್ಲಿ ಕುಳಿತ ಬಹುತೇಕರು ನಂಬಿದ್ದರು. ಕ್ಷೇತ್ರದಲ್ಲಿ ಮಾತು ಬೇರೆಯೇ ಇತ್ತು. ಇಂಥಲ್ಲಿ ನಾನು ಮೊದಲು ಹೋಗುವುದು ಫ್ಲೆಕ್ಸ್ ಮುದ್ರಿಸುವ ಅಂಗಡಿಗೆ. ನಾಯಕರ ಹೇಳಿಕೆಗಿಂತ ಮುಂಚೆ ಅವರ ಬೆಂಬಲಿಗರ ಫ್ಲೆಕ್ಸ್ ಬದಲಾಗುತ್ತದೆ. ಮೊದಲು ರಾಜ್ಯಾಧ್ಯಕ್ಷರ ಫೋಟೊ ಚಿಕ್ಕದಾಗುತ್ತದೆ, ಆಮೇಲೆ ಮೂಲೆಗೆ ಸರಿಯುತ್ತದೆ, ಒಂದು ದಿನ ಚಿಹ್ನೆಯೇ ಮಾಯ. ಯಾರ ಮುಖವನ್ನು ತೆಗೆಯಲು ಹೇಳಿದರು ಎಂದು ಕಂಪ್ಯೂಟರ್ ಮುಂದೆ ಕುಳಿತವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಚಹಾ ಕುಡಿಯುವಷ್ಟು ಹೊತ್ತು ಕೂತರೆ ಹೇಳಿಯೂ ಹೇಳುತ್ತಾನೆ. ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಶರತ್ ಪಕ್ಷೇತರರಾಗಿ ನಿಂತು ಗೆದ್ದರು. ಮುಂದೆ ಕಾಂಗ್ರೆಸ್ ಬೆಂಬಲಿಸಿದರೂ ಔಪಚಾರಿಕವಾಗಿ ಪಕ್ಷ ಸೇರಲಿಲ್ಲ. ಪಕ್ಷೇತರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೆ ಅದೂ ಅನರ್ಹತೆಯೇ. 2023ರಲ್ಲಿ ಕಾಂಗ್ರೆಸ್ ಚಿಹ್ನೆಯಲ್ಲೇ ಗೆದ್ದರು.

2019ರ ಡಿಸೆಂಬರಿನ ಉಪಚುನಾವಣೆಯಲ್ಲಿ 15ರಲ್ಲಿ 12 ಬಿಜೆಪಿಗೆ ಬಂದಾಗ ನನ್ನ ಲೆಕ್ಕ ತಲೆಕೆಳಗಾಯಿತು ಎಂದು ಸಹೋದ್ಯೋಗಿಗಳು ಛೇಡಿಸಿದರು. ಪುಸ್ತಕವನ್ನು ನಾನು ಮುಚ್ಚಲಿಲ್ಲ. ಅಧಿಕಾರದಲ್ಲಿರುವ ಪಕ್ಷ ನಿಗಮ-ಮಂಡಳಿ ಕೊಟ್ಟು ಒಂದು ಚುನಾವಣೆಯ ಮಟ್ಟಿಗೆ ಬಾಯಿ ಮುಚ್ಚಿಸಬಹುದು, ಅದರಾಚೆಗೆ ಕಷ್ಟ. ಹಿರೇಕೆರೂರಿನಲ್ಲಿ ಬಿ.ಸಿ. ಪಾಟೀಲರೆದುರು 555 ಮತಗಳಿಂದ ಸೋತಿದ್ದ ಯು.ಬಿ. ಬಣಕಾರ್ ಉಪಚುನಾವಣೆಯಲ್ಲಿ ತಮ್ಮನ್ನು ಸೋಲಿಸಿದವರ ಪರವೇ ನಿಂತರು. ಆಮೇಲೆ ಕಾಂಗ್ರೆಸ್ ಸೇರಿ 2023ರಲ್ಲಿ ಅವರನ್ನೇ ಸೋಲಿಸಿದರು. ಕಾಗವಾಡದಲ್ಲಿ ರಾಜು ಕಾಗೆ ಕಾಂಗ್ರೆಸ್ಸಿಗೆ ಹೋಗಿ ಒಮ್ಮೆ ಸೋತು ಮರುಸಲ ಗೆದ್ದರು. ಮಸ್ಕಿಯಲ್ಲಿ 213 ಮತಗಳಿಂದ ಸೋತಿದ್ದ ಬಸನಗೌಡ ತುರ್ವಿಹಾಳ ಕಾಂಗ್ರೆಸ್ಸಿಗೆ ದಾಟಿ 2021ರಲ್ಲಿ 30 ಸಾವಿರಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅಥಣಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಸೋತಿದ್ದ ಲಕ್ಷ್ಮಣ ಸವದಿಯವರಿಗೆ ಉಪಮುಖ್ಯಮಂತ್ರಿ ಸ್ಥಾನವನ್ನೇ ಕೊಟ್ಟು ಮಹೇಶ್ ಕುಮಠಳ್ಳಿಯವರಿಗೆ ದಾರಿ ಮಾಡಿದರು. 2023ರಲ್ಲಿ ಟಿಕೆಟ್ ತಪ್ಪಿದ ಸವದಿ ಕಾಂಗ್ರೆಸ್ಸಿಗೆ ಹೋಗಿ ಅದೇ ಕುಮಠಳ್ಳಿಯವರನ್ನು 76 ಸಾವಿರ ಮತಗಳಿಂದ ಸೋಲಿಸಿದರು.

ಯುವ ಶಾಸಕರನ್ನು ಮಾತನಾಡಿಸುವಾಗ ‘ಪಕ್ಷ ಬಿಡುತ್ತೀರಾ?’ ಎಂದು ನಾನು ಕೇಳುವುದಿಲ್ಲ. ಕೇಳಿದರೆ ‘ಪಕ್ಷ ನನಗೆ ತಾಯಿ ಸಮಾನ’ ಎಂಬ ಉತ್ತರ ಸಿದ್ಧವಿರುತ್ತದೆ. ರೈತರಿಗೆ ಸಾಲ ಕೊಡುವ ಸಹಕಾರಿ ಪಿಎಲ್‌ಡಿ ಬ್ಯಾಂಕಿಗೆ ಯಾರನ್ನು ಅಧ್ಯಕ್ಷರನ್ನಾಗಿ ಮಾಡುತ್ತೀರಿ, ತಹಶೀಲ್ದಾರರ ವರ್ಗಾವಣೆ ಯಾರ ಮಾತಿನಂತೆ ಆಯಿತು ಎಂದು ಕೇಳಿದರೆ ಹೊಟ್ಟೆಯೊಳಗಿನ ಸಂಕಟವೆಲ್ಲ ಹೊರಗೆ ಬರುತ್ತದೆ. 2018ರಲ್ಲಿ ಬೆಳಗಾವಿ ತಾಲ್ಲೂಕಿನ ಪಿಎಲ್‌ಡಿ ಬ್ಯಾಂಕ್ ಚುನಾವಣೆಯೊಂದು ಸಮ್ಮಿಶ್ರ ಸರ್ಕಾರವನ್ನೇ ನಡುಗಿಸಿದ್ದನ್ನು ಕಂಡವರಿಗೆ ಇದು ಸಣ್ಣ ಪ್ರಶ್ನೆ ಅನ್ನಿಸುವುದಿಲ್ಲ. ಎರಡನೇ ಸಲ ಗೆದ್ದ ಶಾಸಕನೊಬ್ಬ ನನ್ನೆದುರು ಜಿಲ್ಲೆಯ ಹಿರಿಯರ ವಯಸ್ಸನ್ನು ಬೆರಳು ಮಡಚಿ ಎಣಿಸಿ, ತನ್ನ ಸರದಿ ಬರುವ ಹೊತ್ತಿಗೆ ತನಗೆಷ್ಟು ವಯಸ್ಸಾಗಿರುತ್ತದೆ ಎಂದು ಹೇಳಿದ್ದ. ಪತ್ರಿಕಾಗೋಷ್ಠಿಯಲ್ಲಿ ಅದು ‘ಕ್ಷೇತ್ರದ ಅಭಿವೃದ್ಧಿಗಾಗಿ’ ಎಂದಾಗುತ್ತದೆ. ಅನುದಾನದ ದೂರು ಪೂರ್ತಿ ಸುಳ್ಳೇನಲ್ಲ. ಆದರೆ 2020ರ ಫೆಬ್ರುವರಿ 6ರಂದು ವಲಸೆ ಬಂದು ಗೆದ್ದ 11 ಮಂದಿಯಲ್ಲಿ 10 ಮಂದಿ ಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದ್ದನ್ನು ನೋಡಿದ ಮೇಲೆ ಆ ದೂರಿಗೆ ನಾನು ವರದಿಯಲ್ಲಿ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಕೊಡುವುದಿಲ್ಲ.

ಈಗ ನನ್ನ ಗಮನ ಯಲ್ಲಾಪುರದ ಮೇಲಿದೆ. 2018ರಲ್ಲಿ ಅಲ್ಲಿ ಶಿವರಾಮ ಹೆಬ್ಬಾರ್ ಕಾಂಗ್ರೆಸ್, ವಿ.ಎಸ್. ಪಾಟೀಲ ಬಿಜೆಪಿ. 2023ರಲ್ಲಿ ಅದೇ ಇಬ್ಬರು, ಬಾವುಟ ಮಾತ್ರ ಅದಲು-ಬದಲು. ಎರಡು ಸಲವೂ ಗೆದ್ದವರು ಹೆಬ್ಬಾರ್. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನೂ ಯಶವಂತಪುರದ ಎಸ್.ಟಿ. ಸೋಮಶೇಖರ್ ಅವರನ್ನೂ ಉಚ್ಚಾಟಿಸಿತು. ಉಚ್ಚಾಟನೆಯಿಂದ ಶಾಸಕ ಸ್ಥಾನ ಹೋಗುವುದಿಲ್ಲ. 1996ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಹತ್ತನೇ ಅನುಸೂಚಿಯ ಲೆಕ್ಕಕ್ಕೆ ಅವರು ಇನ್ನೂ ಗೆದ್ದ ಪಕ್ಷದವರೇ. ಹೆಬ್ಬಾರ್ ಮತ್ತೆ ಕಾಂಗ್ರೆಸ್ಸಿನತ್ತ ಹೊರಟರೆ ಆ ಟಿಕೆಟ್ಟಿನ ಮಾತು ಶುರುವಾಗುವುದು ಎರಡನೇ ಸ್ಥಾನದವರ ಕಡೆಯಿಂದಲೇ.